ಪರೀಕ್ಷೆಗೆ ಬರುವ ಸಾಲು

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರಿಗೇನು, ಬಾಯಿ ಇದೆ! ಸುಗ್ಗಿಯ ದಿನಗಳಲ್ಲಿ ಮಾರ್ಕೆಟ್ಟಿನ ಬಗಲಿಗೇ ಇರುವ ಕಾಲೇಜಿಗೆ ಬಂದು, ಒಂದು ತಾಸು ನಿಂತು, ಇಂಗ್ಲಿಷ್ ಪದ್ಯ ಪಾಠ ಮಾಡಿ ನೋಡಲಿ. ಒಂದು ಸಾಲು ಓದುವಷ್ಟರಲ್ಲಿ ಮುಂದಿನ ಬೆಂಚು ಸೀನುತ್ತದೆ, ಅರ್ಥ ಹೇಳುವಷ್ಟರಲ್ಲಿ ಹಿಂದಿನ ಬೆಂಚು ಕೆಮ್ಮುತ್ತದೆ. ನೋಟ್ಸು ಬರೆಸುವಾಗ ಮಾತ್ರ ಎಲ್ಲರೂ ಉಸಿರು ಬಿಗಿಹಿಡಿದು ಬರೆದುಕೊಳ್ಳುತ್ತಾರೆ. ಶೈಲಶ್ರೀ ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಂಡು ಈ ಕೆಲಸ ಮಾಡುತ್ತ ಬಂದು ಇಪ್ಪತ್ತು ವರ್ಷದ ಮೇಲಾಯಿತು.

ಆಕೆಯ ತವರು ಹಲಗೇರಿ, ಗಂಡನ ಮನೆ ರಾಣೇಬೆನ್ನೂರು. ನಸುಕಿನಲ್ಲಿ ರೊಟ್ಟಿ ಬಡಿದಿಟ್ಟು, ಬಸ್ಸು ಹತ್ತಿ, ಸೀಟು ಸಿಕ್ಕ ದಿನ ಒಂದು ಜೊಂಪು ನಿದ್ದೆ ತೆಗೆದು, ಬ್ಯಾಡಗಿಯಲ್ಲಿ ಇಳಿಯುತ್ತಾಳೆ. ಕೆಲಸಕ್ಕೆ ಸೇರಿದಾಗ ಕರಿ ನಾಗರದಂತಿದ್ದ ಜಡೆ ಈಗ ಅರ್ಧ ಬೆಳ್ಳಗಾಗಿದೆ. ಕೆಲಸ ಮಾತ್ರ ಇನ್ನೂ ಟೆಂಪರರಿ. ಬೇಸಿಗೆ ಬಂತೆಂದರೆ ಕೆಲಸ ಮುಗಿಯಿತು, ಕಾಲೇಜು ಶುರುವಾದಾಗ ಕರೆ ಬಂದರೆ ಬಂತು. ಹೊಸಬರು ಬಂದು ಕಾಯಂ ಆಗಿ, ಸ್ಟಾಫ್ ರೂಮಿನ ಕಿಟಕಿ ಪಕ್ಕದ ಕುರ್ಚಿ ಹಿಡಿದು ಕೂತರು. ಶೈಲಶ್ರೀ ಬಾಗಿಲ ಬಳಿಯ ಕುರ್ಚಿಯಲ್ಲೇ ಉಳಿದಳು. ಬೇಸರ ಬಂದು ಬಂದು, ಈಗ ಬೇಸರಕ್ಕೂ ಬೇಸರ ಬಂದಿತ್ತು.

ಕಾಲೇಜು ಕಟ್ಟಿಸಿದವರು ಶೇಖಪ್ಪ. ಊರಿನ ದೊಡ್ಡ ಮೆಣಸಿನಕಾಯಿ ವ್ಯಾಪಾರಿ, ಈಗ ಎಂಬತ್ತರ ಆಚೆ ಈಚೆ. ಈ ಸೀಮೆಯಲ್ಲಿ ಹೆಸರು ಬರೆಸದೆ ದಾನ ಮಾಡುವ ಪದ್ಧತಿಯೇ ಇಲ್ಲ ನೋಡಿ. ಗುಡಿಗೆ ಫ್ಯಾನು ಕೊಟ್ಟರೆ ಮೂರೂ ರೆಕ್ಕೆಯ ಮೇಲೆ ಹೆಸರು, ಮದುವೆಗೆ ಕೊಡ ಕೊಟ್ಟರೆ ಅದರ ಕಂಠದ ಸುತ್ತ ಹೆಸರು. ಹಾಗೆಯೇ ಕಾಲೇಜಿನ ಬೆಂಚು, ಬೋರ್ಡು, ನೀರಿನ ಟಾಕಿ, ಗಡಿಯಾರ ಎಲ್ಲದರ ಮೇಲೂ ಕೆಂಪು ಪೇಂಟಿನಲ್ಲಿ ಶೇಖಪ್ಪನವರ ಹೆಸರಿತ್ತು. ಫ್ಯಾನು ತಿರುಗಲು ಶುರುವಾದ ಮೇಲೆ ಯಾವ ಹೆಸರೂ ಓದಲು ಬರುವುದಿಲ್ಲ, ಅದು ಬೇರೆ ಮಾತು.

ಇನ್ನು ಆ ಪದ್ಯದ ವಿಷಯ. ಹದಿನಾಲ್ಕು ಸಾಲಿನ ಹಳೆಯ ಇಂಗ್ಲಿಷ್ ಪದ್ಯ. ಒಬ್ಬ ಮಹಾ ರಾಜ ತನ್ನದೇ ಮೂರ್ತಿ ಮಾಡಿಸಿ, ಅದರ ಬುಡದಲ್ಲಿ ಜಂಬದ ಒಂದು ಸಾಲು ಬರೆಸಿರುತ್ತಾನೆ. ಎಷ್ಟೋ ಕಾಲದ ಮೇಲೆ ದಾರಿಹೋಕನೊಬ್ಬ ನೋಡಿದರೆ ಮೂರ್ತಿ ಒಡೆದು ಬಿದ್ದಿದೆ, ಸುತ್ತ ಉಸುಕು ಬಿಟ್ಟು ಏನೂ ಇಲ್ಲ, ಜಂಬದ ಸಾಲು ಮಾತ್ರ ಉಳಿದಿದೆ. ಪಠ್ಯಪುಸ್ತಕ ಎಷ್ಟು ಸಲ ಬದಲಾದರೂ ಈ ಪದ್ಯ ಹೇಗೋ ಒಳಗೆ ನುಸುಳಿಕೊಂಡು ಬಂದುಬಿಡುತ್ತಿತ್ತು. ಮೊದಲ ವರ್ಷ ಶೈಲಶ್ರೀ ಅದನ್ನು ಮನಸ್ಸು ತುಂಬಿ ಕಲಿಸಿದಳು. ರಿಸಲ್ಟು ನೆಲ ಕಚ್ಚಿತು. ಪ್ರಿನ್ಸಿಪಾಲರು ಕರೆದು, "ಕವಿತ್ವ ಸಾಕ್ರಿ ಮೇಡಂ, ಮಾರ್ಕ್ಸ್ ಬರೂದು ನೋಡ್ರಿ" ಎಂದರು. ಮರುವರ್ಷದಿಂದ ಆಕೆ ಜಾಣೆಯಾದಳು. ಸಂದರ್ಭ ಸಹಿತ ವಿವರಿಸಿ ಎಂಬ ಪ್ರಶ್ನೆಗೆ ಯಾವಾಗಲೂ ಬರುವುದು ರಾಜನ ಆ ಜಂಬದ ಸಾಲು. ಅದೊಂದನ್ನೇ ಹಿಡಿದು, ಮಗ್ಗಿ ಹೇಳಿಸಿದ ಹಾಗೆ ಇಡೀ ಕ್ಲಾಸಿಗೆ ಬಾಯಿಪಾಠ ಮಾಡಿಸಿದಳು. ಉಳಿದದ್ದಕ್ಕೆ, "ಇದು ಬರೂದಿಲ್ಲ, ಬಿಡ್ರಿ" ಎಂದಳು. ಅರ್ಧಕ್ಕರ್ಧ ಹುಡುಗರು ಪಾಸಾದರು. ಶೈಲಶ್ರೀಯ ಒಳಗೆ ಏನೋ ಒಂದು ಅವತ್ತೇ ಚಪ್ಪಲಿ ಮೆಟ್ಟಿ ಹೊರಗೆ ಹೋಯಿತು.

ಈ ವರ್ಷ ಸಂಸ್ಥೆಯ ಕಾರ್ಯದರ್ಶಿಯಾಗಿ ಶೇಖಪ್ಪನವರ ಮಗ ರುದ್ರಮುನಿ ಬಂದ. ಒಂದಾನೊಂದು ಕಾಲದಲ್ಲಿ ಶೈಲಶ್ರೀಯ ಕ್ಲಾಸಿನಲ್ಲೇ ಕೂತವನು. ಕಾರ್ಯದರ್ಶಿಯಾದ ಮೊದಲ ವಾರವೇ ಆಕೆಯನ್ನು ಆಫೀಸಿಗೆ ಕರೆಸಿ, ಎದ್ದು ನಿಂತು ನಮಸ್ಕಾರ ಮಾಡಿದ.

"ಕುಂದರ್ರಿ ಮೇಡಂ. ನಿಮ್ಮನ್ನ ಇನ್ನೂ ಟೆಂಪರರಿ ಇಟ್ಟಾರಂತ ಕೇಳಿ ನನಗ ನಾಚಿಕಿ ಆತು. ಕಾಯಂ ಮಾಡಸ್ತೇನಿ. ಅಪ್ಪನ ಮೂರ್ತಿ ನಿಂದ್ರಸಾಕತ್ತೇವಲ್ಲ, ಅವತ್ತ ಸ್ಟೇಜ್ ಮ್ಯಾಲ ನಿಮಗೊಂದು ಶಾಲು ಹೊಚ್ಚಿ, ಆರ್ಡರ್ ನನ್ನ ಕೈಯಾರೆ ಕೊಡ್ತೇನಿ."

ಶೈಲಶ್ರೀ ಕುರ್ಚಿಯ ತುದಿಗೆ ಕೂತು, "ಚೊಲೋ ಆತಪಾ" ಎಂದಳು.

"ಮೂರ್ತಿ ಬುಡಕ್ಕ ಇಂಗ್ಲಿಷ್‌ನಾಗ ಒಂದು ಸಾಲು ಹಾಕಸಾಕತ್ತೇನಿ. ಯಾವ್ದು ಹೇಳ್ರಿ ನೋಡೂಣು?" ರುದ್ರಮುನಿ ಕಣ್ಣು ಮುಚ್ಚಿ, ಎದೆ ಸೆಟೆಸಿ, ರಾಜನ ಆ ಜಂಬದ ಸಾಲನ್ನು ಒಂದಕ್ಷರ ತಪ್ಪದೆ ಹೇಳಿದ. ತನ್ನ ಕೆಲಸ ಕಂಡು ಉಳಿದ ದೊರೆಗಳೆಲ್ಲ ಕೈಚೆಲ್ಲಬೇಕು ಎನ್ನುವ ಸಾಲು. ಎಲ್ಲಿ ತಡೆಯಬೇಕು, ಎಲ್ಲಿ ಧ್ವನಿ ಏರಿಸಬೇಕು ಎಲ್ಲವೂ ಶೈಲಶ್ರೀಯದೇ ಅಚ್ಚು. ಆಕೆ ಕುರ್ಚಿಯ ತೋಳು ಹಿಡಿದುಕೊಂಡಳು.

"ಎರಡು ಸರ್ತಿ ಇಂಗ್ಲಿಷ್‌ನಾಗ ಡುಮ್ಕಿ ಹೊಡದಿದ್ನ್ರಿ ಮೇಡಂ. ಮೂರನೇ ಸರ್ತಿ ಪಾಸಾಗಿದ್ದ ಈ ಸಾಲಿನ ಮ್ಯಾಲ. ಜನ್ಮದಾಗ ಮರಿಯೂದಿಲ್ಲ. ಅಪ್ಪಗ ಇದಕ್ಕಿಂತ ಘನವಾದ್ದು ಏನೈತಿ?"

"ರುದ್ರಮುನಿ, ಅದರ ಮುಂದಿನ ಸಾಲು ನೆನಪದಾವೇನು?"

ಅವನು ಮುಗ್ಧವಾಗಿ ನಕ್ಕ. "ಅವು ಬರೂದಿಲ್ಲ ಬಿಡ್ರಿ ಅಂತ ನೀವ ಹೇಳಿದ್ರೆಲ್ಲಾ!"

ಶಿವನೇ! ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಆಗಲೇ ಹೇಳಿಬಿಡಬೇಕಿತ್ತು, ಇದು ಹೊಗಳಿಕೆಯಲ್ಲ, ಅಪಹಾಸ್ಯ ಎಂದು. ಆದರೆ ಹುಡುಗ ಹಬ್ಬದ ಹೊಸ ಅಂಗಿ ತೋರಿಸುವ ಮಗುವಿನ ಹಾಗೆ ಮುಖ ಅರಳಿಸಿ ಕೂತಿದ್ದ. ಮೇಲಾಗಿ ಮೀಟಿಂಗಿನಲ್ಲಿ ಎಲ್ಲ ಡೈರೆಕ್ಟರುಗಳ ಎದುರು ಆ ಸಾಲು ಒಪ್ಪಿಗೆಯೂ ಆಗಿತ್ತು. "ಕನ್ನಡದಾಗ ಹಾಕ್ಸಿದ್ರ ಚೊಲೋ ಅಲ್ಲೇನು?" ಎಂದಷ್ಟೇ ಕೇಳಿದಳು. ಇಂಗ್ಲಿಷಿನಲ್ಲಿ ಇದ್ದರೆ ತೂಕ ಬರುತ್ತದೆ ಎಂದ ಅವನು.

ರಾತ್ರಿ ಊಟಕ್ಕೆ ಕೂತಾಗ ಗಂಡ ಶಂಭುಲಿಂಗನ ಮುಂದೆ ಎಲ್ಲ ಹೇಳಿದಳು. ಅವನು ಬೀಜದ ಅಂಗಡಿಯೊಂದರಲ್ಲಿ ಮ್ಯಾನೇಜರು, ಮಾತು ಕಡಿಮೆ. ತುತ್ತು ನುಂಗಿ ಹೇಳಿದ: "ಆರ್ಡರ್ ಕೈಗೆ ಬರೂತನಾ ಬಾಯಿ ಮುಚ್ಚಿಕೊಂಡಿರು. ನಮ್ಮ ಮಂದಿ ಕಲ್ಲಿನ ಮ್ಯಾಲಿನ ಇಂಗ್ಲಿಷ್ ಓದಿ ಯಾವಾಗ ಅರ್ಥ ಮಾಡ್ಕೊಂಡಾರ?"

"ನಾ ಕಲಿಸಿದ ಹುಡುಗೂರು ಇರತಾರಲ್ರಿ ಅಲ್ಲಿ."

"ಅದಕ್ಕ ಹೇಳಿದ್ದು" ಎಂದ ಶಂಭುಲಿಂಗ. ಚುಚ್ಚಲು ಹೇಳಿದ ಮಾತಲ್ಲ ಅದು. ಆದರೂ ಶೈಲಶ್ರೀಗೆ ಅನ್ನ ಸೇರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಕಲ್ಲಿನ ಅಕ್ಷರ ಕೆತ್ತುತ್ತಿದ್ದುದು ಹಾವೇರಿಯ ಯೂಸುಫಸಾಬ. ಕೆತ್ತುವ ಮೊದಲು ಇಂಗ್ಲಿಷು ಸರಿ ಇದೆಯೋ ಇಲ್ಲವೋ ನೋಡಿ ಬರಲು ರುದ್ರಮುನಿ ಆಕೆಯನ್ನೇ ಕಳಿಸಿದ. ಯೂಸುಫಸಾಬ ಕರಿ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆದಿಟ್ಟಿದ್ದ. ಧೂಳು ಒರೆಸಿದ ಸ್ಟೂಲು ಕೊಟ್ಟು, ಚಹಾ ತರಿಸಿ, ಅವಸರ ಮಾಡಿದ.

"ಲಗೂ ನೋಡಿ ಹೇಳ್ರಿ ಮೇಡಂ. ಈಗ ಇದು ಸೀಮೆಸುಣ್ಣ, ಕೈಲೆ ಒರಸಿದ್ರ ಹೋಗತೈತಿ. ಒಮ್ಮೆ ಉಳಿ ಬಿದ್ದರ ಮುಗೀತು ನೋಡ್ರಿ. ತಪ್ಪದಾವೇನು?"

ಶೈಲಶ್ರೀ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟಳು. ಕಾಗುಣಿತ ಸರಿಯಾಗಿತ್ತು. ಇಪ್ಪತ್ತು ವರ್ಷದ ಬಸ್ಸು, ಬೇಸಿಗೆ, ಬಾಗಿಲ ಬಳಿಯ ಕುರ್ಚಿ ಎಲ್ಲ ಕಣ್ಣೆದುರು ಬಂತು. ಒರೆಸು ಎಂದರೆ ಕಾಯಂ ಕೆಲಸವೂ ಅದರ ಜೊತೆ ಒರೆಸಿ ಹೋಗುತ್ತದೆ ಎಂದು ಅಂಜಿದಳು. "ತಪ್ಪಿಲ್ರಿ" ಎಂದಳು. ಯೂಸುಫಸಾಬ ಆಕೆ ಚಹಾ ಮುಗಿಸುವ ಮೊದಲೇ ಸುತ್ತಿಗೆ ಎತ್ತಿಕೊಂಡ. ವಾಪಸ್ಸು ಬರುವ ಬಸ್ಸಿನಲ್ಲಿ ಸೀಟು ಸಿಕ್ಕರೂ ಶೈಲಶ್ರೀಗೆ ನಿದ್ದೆ ಹತ್ತಲಿಲ್ಲ.

ಮರುವಾರ ಬಿ.ಕಾಂ. ಮೊದಲ ವರ್ಷದ ಕ್ಲಾಸಿನಲ್ಲಿ ಅದೇ ಪದ್ಯ ಬಂತು. ನೋಟ್ಸಿನ ಹಳೆಯ ಹಾಳೆ ಕೈಯಲ್ಲಿತ್ತು, ಬಾಯಿಗೆ ಬರಲಿಲ್ಲ. ಹೇಳಬೇಕಾದವನಿಗೆ ಹೇಳಲಾಗದ್ದನ್ನು ಇಲ್ಲಾದರೂ ಹೇಳಬೇಕೆನ್ನಿಸಿತು. ಹಾಳೆ ಮಡಚಿಟ್ಟಳು.

"ಪೆನ್ ಕೆಳಗ ಇಡ್ರಿ. ಇವತ್ತ ಬರಿಯೂದು ಬ್ಯಾಡ, ಕೇಳ್ರಿ" ಎಂದಳು. "ಈ ಪದ್ಯದಾಗ ರಾಜ ಒಮ್ಮೆನೂ ನಮ್ಮ ಮುಂದ ಬರೂದಿಲ್ಲ. ಅವನ ಮಾತು ಕಲ್ಲಿನ ಮ್ಯಾಲ ಐತಿ. ಕಲ್ಲು ಓದಿದಾಂವ ಒಬ್ಬ ದಾರಿಹೋಕ. ಅವ ಹೇಳಿದ್ದನ್ನ ಕೇಳಿದಾಂವ ಕವಿ. ಕವಿ ಬರದಿದ್ದನ್ನ ನಾವು ಓದಾಕತ್ತೇವಿ. ಅಷ್ಟ ದೊಡ್ಡ ರಾಜನ ಮಾತು ನಮ್ಮ ತನಕ ಬರಬೇಕಂದ್ರ ಹೆಸರು ದೆಸಿ ಇಲ್ಲದ ಮಂದಿ ಹೊತ್ಕೊಂಡು ಬರಬೇಕಾತು. ಮೂರ್ತಿ ಮಾರಿ ಮ್ಯಾಲ ಸೊಕ್ಕು ಹಂಗ ಉಳದೈತಿ. ಆ ಸೊಕ್ಕನ್ನ ಕಂಡಾಂವ, ಕಲ್ಲಿನ್ಯಾಗ ಹಿಡದಾಂವ, ಕೆತ್ತಿದಾಂವ. ಅವನ ಹೆಸರು ಯಾರಿಗೂ ಗೊತ್ತಿಲ್ಲ."

ಮುಂದಿನ ಬೆಂಚು ಸೀನಿತು. ಆಕೆ ನಿಲ್ಲಿಸಲಿಲ್ಲ.

"ಆಮ್ಯಾಲ ಜಂಬದ ಸಾಲು ಬರತೈತಿ. ಅದು ಮುಗಿದ ಕೂಡಲೇ ಕವಿ ಏನ್ ಮಾಡತಾನ? ರಾಜನ್ನ ಬೈಯೂದಿಲ್ಲ, ನಮಗ ಬುದ್ಧಿ ಹೇಳೂದಿಲ್ಲ. ಸುತ್ತ ಏನೈತಿ ಅಂತ ಅಷ್ಟ ತೋರಸತಾನ. ಏನೂ ಇಲ್ಲ. ಕಣ್ಣು ಹಾಯೂತನಾ ಉಸುಕು. ಆ ಸಾಲು ಒಂದ ಓದಿದ್ರ ಹೊಗಳಿಕಿ. ಅದರ ಬೆನ್ನಿಗೆ ಉಸುಕು ಬಂತಂದ್ರ ಅದ ಸಾಲು ನಗೆಪಾಟಲು. ಪದ್ಯದ ಜೀವ ಇರೂದು ಆ ತಿರುವಿನ್ಯಾಗ. ಇಷ್ಟು ವರ್ಷ ನಾ ಅದನ್ನ ಬರೂದಿಲ್ಲ ಅಂತ ಬಿಡಸ್ತಿದ್ದೆ."

ಹೇಳಿ ಮುಗಿಸಿದಾಗ ಆಕೆಗೆ ಏದುಸಿರು. ಎಷ್ಟೋ ವರ್ಷದ ಮೇಲೆ ಪಾಠ ಮಾಡಿದ ಹಾಗಾಗಿತ್ತು. ಕ್ಲಾಸಿನ ಕಡೆ ನೋಡಿದಳು. ಯಾರೋ ಆಕಳಿಸಿದರು. ಮೂರನೇ ಬೆಂಚಿನ ಹುಡುಗ ಕೈ ಎತ್ತಿದ. ಆಕೆಗೆ ಆಸೆ ಚಿಗುರಿತು.

"ಮೇಡಂ, ಇದು ಎಷ್ಟು ಮಾರ್ಕ್ಸಿಗೆ ಬರತೈತ್ರಿ?"

ಥೂ, ಯಾಕಾದರೂ ಬಾಯಿ ಬಿಟ್ಟೆನೋ ಎನ್ನಿಸಿತು ಶೈಲಶ್ರೀಗೆ. ಮಡಚಿದ ಹಾಳೆ ಬಿಚ್ಚಿ, ಉಳಿದ ಹೊತ್ತು ನೋಟ್ಸು ಬರೆಸಿದಳು. ಗಂಡ ಹೇಳಿದ್ದೇ ಸರಿ, ಇವರಲ್ಲಿ ಯಾರೂ ಆ ಕಲ್ಲನ್ನು ಓದುವುದಿಲ್ಲ ಎಂದು ಸಮಾಧಾನವೂ ಆಯಿತು. ಆ ಸಮಾಧಾನದ ಮೇಲೆ ಆಕೆಗೇ ಹೇಸಿಗೆ ಬಂತು.

ಸಮಾರಂಭದ ದಿನ ಅಂಗಳದ ತುಂಬ ಶಾಮಿಯಾನ ಹಾಕಿದ್ದರು. ಊರಿನ ವ್ಯಾಪಾರಿಗಳೆಲ್ಲ ಬಿಳಿ ಅಂಗಿ ತೊಟ್ಟು ಬಂದಿದ್ದರು. ಶೇಖಪ್ಪನವರನ್ನು ಗಾಲಿ ಕುರ್ಚಿಯಲ್ಲಿ ಮುಂದೆ ಕೂಡಿಸಿದ್ದರು. ಬದುಕಿರುವವನಿಗೆ ಮೂರ್ತಿ ಯಾತಕ್ಕೆ ಎಂದು ಅವರು ಬೆಳಗಿನಿಂದ ಗೊಣಗುತ್ತಲೇ ಇದ್ದರಂತೆ. ವೇದಿಕೆಯ ಮೇಲಿನ ತಾಟಿನಲ್ಲಿ ಶಾಲು, ಹಣ್ಣು, ಒಂದು ಉದ್ದನೆಯ ಲಕೋಟೆ ಇದ್ದವು. ಶೈಲಶ್ರೀ ರೇಷ್ಮೆ ಸೀರೆ ಉಟ್ಟಿದ್ದಳು. ಲಕೋಟೆಯ ಮೇಲೆ ತನ್ನ ಹೆಸರು ಕೂತಲ್ಲಿಂದಲೇ ಕಾಣುತ್ತಿತ್ತು.

ಪರದೆ ಸರಿಸಿದರು. ಚಪ್ಪಾಳೆ ಬಿತ್ತು. ರುದ್ರಮುನಿ ಮೈಕು ಹಿಡಿದು ಬುಡದ ಸಾಲನ್ನು ಗಟ್ಟಿಯಾಗಿ, ಕೈ ಮೇಲೆತ್ತಿ ಓದಿದ. ಓದು ಮುಗಿದ ಕೂಡಲೇ ವಿದ್ಯಾರ್ಥಿನಿಯರ ಸಾಲಿನಿಂದ ಒಂದು ನಗು ಕಿಸಕ್ಕೆಂದು ಚಿಮ್ಮಿತು. ಬಾಯಿಗೆ ಕೈ ಅಡ್ಡ ಹಿಡಿದರೂ ನಿಲ್ಲಲಿಲ್ಲ. ಬಿಳಿ ಅಂಗಿಗಳೆಲ್ಲ ಹಿಂದಕ್ಕೆ ತಿರುಗಿದವು. ರುದ್ರಮುನಿಯ ಮುಖ ಕಪ್ಪಿಟ್ಟಿತು. ಶಾಲು ಹೊದಿಸುವ ಕಾರ್ಯಕ್ರಮ ಬಿಟ್ಟು, ನೇರವಾಗಿ ವಂದನಾರ್ಪಣೆ ಮುಗಿಸಿಬಿಟ್ಟ.

ಅರ್ಧ ತಾಸಿನ ಮೇಲೆ ಆಫೀಸಿನಿಂದ ಶೈಲಶ್ರೀಗೆ ಕರೆ ಬಂತು. ಒಳಗೆ ಶೇಖಪ್ಪ ಗಾಲಿ ಕುರ್ಚಿಯಲ್ಲಿದ್ದರು. ಮೇಜಿನ ಮೇಲೆ ತಾಟು, ತಾಟಿನಲ್ಲಿ ಲಕೋಟೆ ಹಾಗೇ ಇತ್ತು. ಮೂಲೆಯಲ್ಲಿ ಒಬ್ಬ ತೆಳ್ಳನೆಯ ಹುಡುಗಿ ದುಪಟ್ಟಾ ತಿರುವುತ್ತ ಅಳುತ್ತಿದ್ದಳು. ಹೆಸರು ದೀಪಾಲಿ, ಬಿ.ಕಾಂ. ಮೊದಲ ವರ್ಷ. ದಿನಾ ಕ್ಲಾಸಿನಲ್ಲಿ ಕೂತಿರುತ್ತಿದ್ದರೂ ಶೈಲಶ್ರೀಗೆ ಆ ಹೆಸರು ನೆನಪಿರಲಿಲ್ಲ.

"ನಮ್ಮಪ್ಪನ ಮಾರಿ ನೋಡಿ ನಕ್ಕಾಳ್ರಿ ಮೇಡಂ, ಊರ ಮಂದಿ ಮುಂದ" ಎಂದ ರುದ್ರಮುನಿ. "ಯಾಕ ನಕ್ಕಿ ಅಂತ ಕೇಳಿದ್ರ ಬಾಯಿ ಬಿಡವಲ್ಲಳು. ಟೀಸಿ ಕೊಟ್ಟು ಮನಿಗೆ ಕಳಸೂದ. ಕ್ಲಾಸ್ ಟೀಚರ್ ನೀವು, ಇಲ್ಲೊಂದು ಸಹಿ ಮಾಡ್ರಿ."

ದೀಪಾಲಿ ತಲೆ ಎತ್ತಿ ಶೈಲಶ್ರೀಯನ್ನು ನೋಡಿದಳು. ಹೇಳಲೋ ಬಿಡಲೋ ಎಂದು ಕೇಳುವ ನೋಟ ಅದು. ಶೈಲಶ್ರೀಗೆ ಅವತ್ತಿನ ಪಾಠ ನೆನಪಾಯಿತು. ಈ ಹುಡುಗಿ ಯಾರ ಮುಖ ನೋಡಿಯೂ ನಕ್ಕಿರಲಿಲ್ಲ. ತಾನು ಕಾರಣ ಹೇಳಿದರೆ ಮೇಡಂ ಸಿಕ್ಕಿಬೀಳುತ್ತಾರೆ ಎಂದು ಟೀಸಿ ತೆಗೆದುಕೊಳ್ಳಲೂ ತಯಾರಾಗಿ ನಿಂತಿದ್ದಳು. ಇನ್ನು ಲಕೋಟೆಯ ಕಡೆ ನೋಡುವುದರಲ್ಲಿ ಅರ್ಥವಿರಲಿಲ್ಲ. ನೋಡಿದಳು, ಅದೂ ಖರೆ.

"ಸಹಿ ಮಾಡೂದಿಲ್ಲ" ಎಂದಳು. "ಆಕಿ ಮಾರಿ ನೋಡಿ ನಕ್ಕಿಲ್ಲ. ಆ ಸಾಲಿನ ಅರ್ಥ ತಿಳದು ನಕ್ಕಾಳ."

ಆಮೇಲೆ ಎಲ್ಲ ಹೇಳಿದಳು. ರಾಜ, ಒಡೆದ ಮೂರ್ತಿ, ದಾರಿಹೋಕ, ಉಸುಕು ಒಂದನ್ನೂ ಬಿಡಲಿಲ್ಲ. ರುದ್ರಮುನಿ ಕೇಳುತ್ತ ಕೇಳುತ್ತ ಕುರ್ಚಿಯಲ್ಲಿ ಕುಸಿದು ಕೂತ. ಕಿವಿಯ ತನಕ ಕೆಂಪಾಗಿದ್ದ.

"ಹಾವೇರಿಗೆ ಹೋದಾಗ ನಿಮಗ ಗೊತ್ತಿತ್ತೇನ್ರಿ ಇದು?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ರಿ ಮೇಡಂ? ನನ್ನ ಕಡೆ ಒಂದ ಮಾತು ಹೇಳಿದ್ರ ಸಾಕಾಗಿತ್ತಲ್ಲ!"

ಶೈಲಶ್ರೀ ಲಕೋಟೆಯತ್ತ ಬೆರಳು ತೋರಿಸಿದಳು. "ಅದರ ಸಲುವಾಗಿ" ಎಂದಳು.

ಇಷ್ಟು ಹೊತ್ತು ಕಣ್ಣು ಮುಚ್ಚಿ ಕೂತಿದ್ದ ಶೇಖಪ್ಪ ನಿಧಾನವಾಗಿ ಕೇಳಿದರು: "ಅಕ್ಕಾರ, ಆ ರಾಜಾಗ ಮಕ್ಕಳಿದ್ದಿಲ್ಲೇನ್ರಿ? ಬಿದ್ದ ಮೂರ್ತಿ ಎತ್ತಿ ನಿಂದ್ರಸಾಕ ಒಬ್ಬರೂ ಬರಲಿಲ್ಲೇನು?"

ಪರೀಕ್ಷೆಯಲ್ಲಿ ಯಾವತ್ತೂ ಬರದ ಪ್ರಶ್ನೆ. "ಗೊತ್ತಿಲ್ರಿ ಅಪ್ಪಾರ. ಪದ್ಯದಾಗ ಇಲ್ಲ" ಎಂದಳು ಶೈಲಶ್ರೀ. ಮುದುಕ ಮಗನ ಕಡೆ ನೋಡಿದರು. ಮಗ ನೆಲ ನೋಡಿದ. "ಹುಡುಗಿನ್ನ ಬಿಡು" ಎಂದಷ್ಟೇ ಹೇಳಿ ಮತ್ತೆ ಕಣ್ಣು ಮುಚ್ಚಿದರು. ರುದ್ರಮುನಿ ಟೀಸಿಯ ಕಾಗದ ಹರಿದ. ಜವಾನನನ್ನು ಕರೆದು, ಮೂರ್ತಿಯ ಬುಡ ಕಾಣದ ಹಾಗೆ ಹೂವಿನ ಕುಂಡ ಇಡಲು ಹೇಳಿದ. ಲಕೋಟೆಯನ್ನು ತೆಗೆದು ಡ್ರಾದಲ್ಲಿ ಹಾಕಿ ಕೀಲಿ ತಿರುವಿದ. ಅವನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ ಶಾಮಿಯಾನ ಬಿಚ್ಚುತ್ತಿದ್ದರು. ಶೈಲಶ್ರೀ ವರಾಂಡದ ಮೆಟ್ಟಿಲ ಮೇಲೆ ರೇಷ್ಮೆ ಸೀರೆಯಲ್ಲೇ ಕುಕ್ಕರಿಸಿದಳು. ಇನ್ನೊಂದು ಬೇಸಿಗೆ, ಇನ್ನೊಂದು ಕರೆ. ಈ ಸಲ ಅದೂ ಬರುವುದಿಲ್ಲ. ಗಂಡನಿಗೆ ಏನು ಹೇಳುವುದು?

ದೀಪಾಲಿ ಎದುರು ಬಂದು ನಿಂತಳು. "ನನ್ನಿಂದ ನಿಮ್ಮ ಆರ್ಡರ್ ಹೋತು ಮೇಡಂ" ಎಂದು ಮತ್ತೆ ಅಳಲು ಶುರು ಮಾಡಿದಳು.

"ಅಳಬ್ಯಾಡ. ಒಂದು ಹೇಳು. ಅವತ್ತ ಕ್ಲಾಸಿನ್ಯಾಗ ಸುಮ್ಮನ ಕುಂತಿದ್ದಾಕಿ, ಇವತ್ತ ಯಾಕ ನಗು ಬಂತು?"

ಹುಡುಗಿ ಮೂಗು ಒರೆಸಿಕೊಂಡು ಯೋಚಿಸಿದಳು. "ಸರ್ ಆ ಸಾಲು ಓದಿದ್ರಲ್ರಿ, ಮುಂದ ಉಸುಕು ಬರಬೇಕಲ್ಲ ಅಂತ ಸುತ್ತ ನೋಡಿದೆ. ಉಸುಕು ಇರಲಿಲ್ಲ. ನಾವೆಲ್ಲಾ ಸಾಲು ಹಚ್ಚಿ ಕುಂತಿದ್ವಿ, ಚಪ್ಪಾಳಿ ಹೊಡಿಯಾಕ. ಹಂಗಾದ್ರ ಉಸುಕು ಅಂದ್ರ ನಾವ ಏನು ಅನಿಸ್ತು. ನಗು ಬಂದಬಿಡ್ತು ಮೇಡಂ."

ಇಪ್ಪತ್ತು ವರ್ಷದಲ್ಲಿ ಶೈಲಶ್ರೀಗೇ ಹೊಳೆಯದ ಮಾತು. ಎದೆಯೊಳಗೆ ಒಂದು ಸಂತೋಷ ನೋವಿನ ಹಾಗೆ ಎದ್ದಿತು.

"ಚೊಲೋ ಹೇಳಿದಿ" ಎಂದಳು. "ಆದ್ರ ಪರೀಕ್ಷೆದಾಗ ಬರೀಬ್ಯಾಡವಾ. ಗೈಡಿನ್ಯಾಗ ಇಲ್ಲ ಇದು. ಮಾರ್ಕ್ಸ್ ಹಾಕೂದಿಲ್ಲ."

ಹೇಳುತ್ತ ಹೇಳುತ್ತಲೇ ಆಕೆಗೆ ಅಳು ಒತ್ತರಿಸಿ ಬಂತು. ದೀಪಾಲಿ ಪಕ್ಕದಲ್ಲಿ ಕೂತು ಮೇಡಂನ ಕೈ ಹಿಡಿದುಕೊಂಡಳು.